ಇಂಪ್ಲಾಂಟ್ ಹಾಕಿದ ಎಲುಬಿನ ತೊಂದರೆ: ಬಾವು, ಕೀವು, ನೋವು, ಸಡಿಲಿಕೆಗಳ ಮೂಲ ಹುಡುಕುವ ಕೈಪಿಡಿ

ತೊಡೆಯ ಎಲುಬಿಗೆ ರಾಡು, ಮೊಣಕಾಲ ಕೆಳಗೆ ಪ್ಲೇಟು, ಸೊಂಟಕ್ಕೆ ಕೃತಕ ಕೀಲು, ದವಡೆಗೆ ಟೈಟಾನಿಯಂ ಸ್ಕ್ರೂ ಹಾಕಿಸಿಕೊಂಡವರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಹಳ್ಳಿಗಳಲ್ಲಿಯೂ ಈಗ ಇದ್ದಾರೆ. ಆಪರೇಷನ್ ಆದ ಮೇಲೆ ಯಾವ ತೊಂದರೆ ಬಂದರೂ ನಮ್ಮ ಕಡೆ ಕೇಳಿಬರುವ ಮಾತು ಒಂದೇ: "ರಾಡು ಮೈಗೆ ಹಿಡಿಸಿಲ್ಲ." ಆ ಒಂದು ಮಾತಿನೊಳಗೆ ಸೋಂಕು, ಅಲುಗಾಟ, ಸವೆತದ ಪುಡಿ, ಅಪರೂಪಕ್ಕೊಮ್ಮೆ ಲೋಹದ ಅಲರ್ಜಿ ಎಂಬ ನಾಲ್ಕು ಬೇರೆ ಬೇರೆ ದೋಷಗಳು ಸೇರಿಕೊಂಡಿರುತ್ತವೆ. ನಾಲ್ಕರಲ್ಲಿಯೂ ದುಡಿಯುವವು ದೇಹದ ರೋಗನಿರೋಧಕ ಕೋಶಗಳೇ. ಚಿಕಿತ್ಸೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ. ಆದ್ದರಿಂದ ಯಾವ ಲಕ್ಷಣ ಯಾವ ದೋಷದತ್ತ ಬೆರಳು ತೋರಿಸುತ್ತದೆ ಎಂಬುದನ್ನು ರೋಗಿಯೂ ಮನೆಯವರೂ ತಿಳಿದಿರಬೇಕು.

ಮೊದಲು ಆಪರೇಷನ್ ತಾರೀಖು ನೋಡಿರಿ

ದುಡ್ಡು ಖರ್ಚಾಗದ ಮೊದಲ ಪರೀಕ್ಷೆ ಇದು. ಡಿಸ್ಚಾರ್ಜ್ ಕಾರ್ಡಿನಲ್ಲಿರುವ ತಾರೀಖಿನಿಂದ ಇಂದಿನವರೆಗೆ ಎಷ್ಟು ದಿನಗಳಾದವು ಎಂದು ಎಣಿಸಿರಿ. ಮೂರನೆಯ ದಿನ ಆರೋಗ್ಯದ ಗುರುತಾಗಿರುವ ಬಾವು ಮೂರನೆಯ ತಿಂಗಳಲ್ಲಿ ದೋಷದ ಗುರುತಾಗುತ್ತದೆ. ಈ ಎಣಿಕೆಯಿಲ್ಲದೆ ಮುಂದಿನ ಯಾವ ಲಕ್ಷಣಕ್ಕೂ ಸರಿಯಾದ ಅರ್ಥ ಹಚ್ಚಲಾಗುವುದಿಲ್ಲ.

ಲೋಹವು ದೇಹದೊಳಗೆ ಹೋದ ಕೆಲವೇ ಕ್ಷಣಗಳಲ್ಲಿ ರಕ್ತದ ಪ್ರೋಟೀನುಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ಅಲ್ಲಿಗೆ ಬರುವ ಕೋಶಗಳು ಮುಟ್ಟಿ ನೋಡುವುದು ಬರಿಯ ಲೋಹವನ್ನಲ್ಲ, ಆ ಪ್ರೋಟೀನಿನ ಹೊದಿಕೆಯನ್ನು. ಮೊದಲ ಕೆಲವು ತಾಸುಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಸತ್ತ ಕೋಶಗಳನ್ನೂ ಬ್ಯಾಕ್ಟೀರಿಯಗಳನ್ನೂ ತೆಗೆಯುತ್ತವೆ. ಎರಡು ಮೂರು ದಿನಗಳಲ್ಲಿ ಮ್ಯಾಕ್ರೋಫೇಜ್ ಎಂಬ, ಕಸವನ್ನು ನುಂಗುವ ದೊಡ್ಡ ಕೋಶಗಳು ನೆಲೆಯೂರುತ್ತವೆ. ಇವು ಮೊದಲು ಉರಿಯೂತ ಹೆಚ್ಚಿಸುವ ಸ್ವಭಾವದಲ್ಲಿದ್ದು, ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಸಂಕೇತಗಳನ್ನು ಬಿಟ್ಟು ಎಲುಬು ಕಟ್ಟುವ ಕೋಶಗಳ ಮೂಲಕೋಶಗಳನ್ನು ಅಲ್ಲಿಗೆ ಕರೆಸುತ್ತವೆ. ಎಲ್ಲವೂ ಸರಿಯಾಗಿ ನಡೆದರೆ ಮೊದಲ ವಾರ ಮುಗಿಯುವ ಹೊತ್ತಿಗೆ ಈ ಮ್ಯಾಕ್ರೋಫೇಜ್‌ಗಳಲ್ಲಿ ಹೆಚ್ಚಿನವು ಸ್ವಭಾವ ಬದಲಿಸಿ, ಉರಿಯೂತ ಇಳಿಸಿ ಹೊಸ ರಕ್ತನಾಳ ಮತ್ತು ಹೊಸ ಎಲುಬು ಬೆಳೆಸುವ ಸಂಕೇತ ಕೊಡತೊಡಗುತ್ತವೆ. ಎರಡು ಮೂರು ವಾರಗಳಲ್ಲಿ ಮೆತ್ತಗಿನ ಬೆಸುಗೆ, ಆರರಿಂದ ಹನ್ನೆರಡು ವಾರಗಳಲ್ಲಿ ಗಟ್ಟಿ ಬೆಸುಗೆ, ಆಮೇಲೆ ತಿಂಗಳುಗಟ್ಟಲೆ ಅದನ್ನು ತಿದ್ದುವ ಕೆಲಸ. ಹರಗದ ಹೊಲದಲ್ಲಿ ಬಿತ್ತಿದರೆ ಬೆಳೆ ಹೇಗೆ ಏಳುವುದಿಲ್ಲವೋ ಹಾಗೆ ಮೊದಲ ಉರಿಯೂತವೇ ಇಲ್ಲದಿದ್ದರೆ ಎಲುಬು ಕೂಡುವುದಿಲ್ಲ. ಪ್ರಾಣಿಗಳಲ್ಲಿ ಮ್ಯಾಕ್ರೋಫೇಜ್‌ಗಳನ್ನು ತೆಗೆದು ನೋಡಿದ ಪ್ರಯೋಗಗಳಲ್ಲಿ ಎಲುಬಿನ ಬೆಸುಗೆ ಕುಂಠಿತವಾದದ್ದು ಕಂಡುಬಂದಿದೆ. ಆ ಉರಿಯೂತ ಸಕಾಲಕ್ಕೆ ಇಳಿಯದಿದ್ದರೆ ಲೋಹದ ಸುತ್ತ ಎಲುಬಿನ ಬದಲು ನಾರಿನ ಪೊರೆ ಬೆಳೆಯುತ್ತದೆ.

ಮೊದಲ ವಾರದ ಬಾವು, ಬಿಸಿ, ಸಣ್ಣ ಜ್ವರ

ಕಾಲು ಬಾತಿದೆ, ಮುಟ್ಟಿದರೆ ಬೆಚ್ಚಗಿದೆ, ಸಂಜೆಗೆ ಮೈ ಸ್ವಲ್ಪ ಬಿಸಿಯಾಗುತ್ತದೆ. ಆಪರೇಷನ್ ಆದ ಮೊದಲ ಎರಡು ದಿನಗಳಲ್ಲಿ 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಜ್ವರಕ್ಕೆ ಬಹುತೇಕ ಸೋಂಕು ಕಾರಣವಾಗಿರುವುದಿಲ್ಲ. ಥರ್ಮಾಮೀಟರ್ ಇಟ್ಟು ಮುಂಜಾನೆ, ಸಂಜೆ ಜ್ವರ ಬರೆದಿಡಿರಿ. ಕಾಲನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕಿಂತ ಎತ್ತರಕ್ಕೆ ಇಡಿರಿ. ಬಾವು ದಿನದಿಂದ ದಿನಕ್ಕೆ ಇಳಿಮುಖವಾಗಿದ್ದರೆ ಕೋಶಗಳು ತಮ್ಮ ಕೆಲಸವನ್ನು ಕ್ರಮವಾಗಿ ಮಾಡುತ್ತಿವೆ ಎಂದೇ ತಿಳಿಯಬೇಕು.

ಈ ಹಂತದಲ್ಲಿ ರಕ್ತಪರೀಕ್ಷೆ ಮಾಡಿಸಿ ಗಾಬರಿಯಾಗುವವರು ಬಹಳ. ಸಿಆರ್‌ಪಿ ಎಂಬ ಉರಿಯೂತದ ಸೂಚಕವು ಯಾವುದೇ ಆಪರೇಷನ್ ಆದ ಮೇಲೆ ಎರಡು ಮೂರನೆಯ ದಿನ ಶಿಖರಕ್ಕೇರಿ, ತೊಡಕಿಲ್ಲದಿದ್ದರೆ ಸುಮಾರು ಮೂರು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಇಎಸ್‌ಆರ್ ಎಂಬ ಇನ್ನೊಂದು ಉರಿಯೂತದ ಸೂಚಕ ಇಳಿಯಲು ತಿಂಗಳುಗಳೇ ಹಿಡಿಯಬಹುದು. ಹಾಗಾಗಿ ಒಂದು ಸಲದ ಅಂಕಿಗಿಂತ ಅಂಕಿಗಳ ದಿಕ್ಕು ಮುಖ್ಯ. ಇಳಿಯುತ್ತಿದ್ದ ಸಿಆರ್‌ಪಿ ಮತ್ತೆ ಏರಿದರೆ ಅದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಇನ್ನೊಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು: ಕೆಲವು ಲ್ಯಾಬ್‌ಗಳು ಸಿಆರ್‌ಪಿಯನ್ನು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಬರೆದರೆ ಇನ್ನು ಕೆಲವು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಬರೆಯುತ್ತವೆ. ಎರಡರ ನಡುವೆ ಹತ್ತು ಪಟ್ಟು ಅಂತರವಿದೆ. ಹಳ್ಳಿಯ ಲ್ಯಾಬಿನ ವರದಿಯನ್ನು ನಗರದ ಲ್ಯಾಬಿನ ವರದಿಗೆ ಹೋಲಿಸುವ ಮೊದಲು ಅಂಕಿಯ ಪಕ್ಕದಲ್ಲಿರುವ ಅಳತೆಯನ್ನು ಓದಿರಿ.

ಬಾವು ಬೇಗ ಇಳಿಯಲೆಂದು ವೈದ್ಯರನ್ನು ಕೇಳದೆ ಸ್ಟಿರಾಯ್ಡ್ ಗುಳಿಗೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳಬೇಡಿರಿ, ಏಕೆಂದರೆ ಅದು ನೇರವಾಗಿ ಈ ಮೊದಲ ಹಂತವನ್ನೇ ಅಡಗಿಸುತ್ತದೆ. ವೈದ್ಯರು ಬರೆದ ನೋವಿನ ಗುಳಿಗೆಯನ್ನು ಅವರು ಹೇಳಿದಷ್ಟು ದಿನ ನುಂಗುವುದರಿಂದ ಆತಂಕವಿಲ್ಲ. ಅದೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತರಿಸಿ ನುಂಗುವುದು ಬೇಡ. ಎಣ್ಣೆ ಹಚ್ಚಿ ಜೋರಾಗಿ ತೀಡಿಸುವುದು, ಉಪ್ಪಿನ ಗಂಟಿನಿಂದ ಕಾವು ಕೊಡುವುದು ಕೂಡ ಬೇಡ. ವಿಶೇಷವಾಗಿ ಮೊಣಕೈ ಮುರಿತದಲ್ಲಿ ತೀಡಿಸಿದರೆ ಸ್ನಾಯುವಿನೊಳಗೆ ಎಲುಬು ಬೆಳೆದು ಕೈ ಮಡಚದಂತಾಗಬಹುದು.

ಇಲ್ಲಿ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೊರಡಬೇಕಾದ ಎರಡು ಸಂದರ್ಭಗಳಿವೆ. ನೋವಿನ ಔಷಧಕ್ಕೂ ಬಗ್ಗದೆ ನೋವು ಏರುತ್ತಲೇ ಹೋಗಿ, ಕಾಲ್ಬೆರಳನ್ನು ಮತ್ತೊಬ್ಬರು ಮೆಲ್ಲಗೆ ಎತ್ತಿದರೂ ರೋಗಿ ಚೀರುವಂತಾದರೆ, ಕಾಲು ಕಲ್ಲಿನಷ್ಟು ಬಿಗಿಯಾದರೆ, ಅದು ಸ್ನಾಯುವಿನ ಕೋಣೆಯೊಳಗೆ ಒತ್ತಡ ಹೆಚ್ಚಿದ ಲಕ್ಷಣ. ಕೆಲವೇ ತಾಸುಗಳಲ್ಲಿ ಸ್ನಾಯು ಸಾಯುತ್ತದೆ, ಬೆಳಗಾಗಲಿ ಎಂದು ಕಾಯುವಂತಿಲ್ಲ. ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದು, ಜೊತೆಗೆ ಏದುಸಿರು ಅಥವಾ ಎದೆನೋವು ಬಂದರೆ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ತಡಮಾಡದೆ 108ಕ್ಕೆ ಕರೆ ಮಾಡಿರಿ.

ಗಾಯ ಒಸರುತ್ತಿದೆ, ಕೀವು ಬರುತ್ತಿದೆ

ಈ ಕೈಪಿಡಿಯಲ್ಲಿ ಅತಿ ಹೆಚ್ಚು ಗಮನ ಬೇಡುವ ಲಕ್ಷಣ ಇದೇ. ಮೊದಲು ಒಸರಿನ ಬಣ್ಣ, ಪ್ರಮಾಣ, ದಿನ ಮೂರನ್ನೂ ನೋಡಿರಿ. ಮೊದಲ ಎರಡು ಮೂರು ದಿನ ಬ್ಯಾಂಡೇಜಿನ ಮೇಲೆ ತೆಳು ಕೆಂಪು ನೀರಿನ ಕಲೆ ಕಾಣುವುದು ಸಹಜ. ವಾರ ಕಳೆದರೂ ಬಟ್ಟೆ ಒದ್ದೆಯಾಗುತ್ತಿದ್ದರೆ, ಒಸರು ಹಳದಿಗೆ ತಿರುಗಿದ್ದರೆ, ಗಾಯದ ಸುತ್ತಲಿನ ಕೆಂಪು ಹರಡುತ್ತಿದ್ದರೆ ಅದು ಸೋಂಕು ಎಂದು ಭಾವಿಸಿಯೇ ಮುಂದುವರಿಯಬೇಕು. ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದು, ಮರುದಿನ ಅದು ಗೆರೆ ದಾಟಿದೆಯೇ ಎಂದು ನೋಡುವುದು ಮನೆಯಲ್ಲಿಯೇ ಆಗುವ ಸರಳ ಪರೀಕ್ಷೆ.

ತಿಂಗಳುಗಳ ನಂತರ ಬರುವ ಸೋಂಕು ಇಷ್ಟು ಜೋರಾಗಿ ಕಾಣಿಸಿಕೊಳ್ಳುವುದಿಲ್ಲ. ವಾಸಿಯಾದ ಗಾಯದ ಕಲೆಯ ಮೇಲೆ ಸಾಸಿವೆಯಷ್ಟು ಕೆಂಪು ಬೊಕ್ಕೆ ಏಳುತ್ತದೆ. ಅದು ಒಡೆದು ಒಂದೆರಡು ಹನಿ ಕೀವು ಬಂದು, ಮೇಲೆ ಹಕ್ಕಳೆಗಟ್ಟಿ, ವಾಸಿಯಾಯಿತು ಎನ್ನುವಷ್ಟರಲ್ಲಿ ಮತ್ತೆ ಅಲ್ಲಿಯೇ ಒಡೆಯುತ್ತದೆ. ಜ್ವರವಿರುವುದಿಲ್ಲ, ನೋವೂ ಅಷ್ಟಾಗಿ ಇರುವುದಿಲ್ಲ. ಒಳಉಡುಪಿನ ಮೇಲೆ ಬೀಳುವ ಪುಟ್ಟ ಗಟ್ಟಿ ಕಲೆಯಿಂದಲೇ ಎಷ್ಟೋ ಜನರಿಗೆ ಇದು ಗೊತ್ತಾಗುವುದು. ಇಂತಹ ಕೀವಿನ ಬಾಯಿ ಒಳಗಿನ ಲೋಹದವರೆಗೆ ದಾರಿ ಮಾಡಿಕೊಂಡಿದ್ದರೆ ಅದೊಂದೇ ಸೋಂಕಿಗೆ ಸಾಕಷ್ಟು ಪುರಾವೆ.

ಇಷ್ಟೆಲ್ಲ ಬಿಳಿ ರಕ್ತಕಣಗಳಿದ್ದೂ ಸೋಂಕು ಏಕೆ ಹೋಗುವುದಿಲ್ಲ? ಲೋಹದ ಮೈಯನ್ನು ಮೊದಲು ಆಕ್ರಮಿಸುವವರು ಯಾರು ಎಂಬ ಪೈಪೋಟಿ ದೇಹದ ಕೋಶಗಳಿಗೂ ಬ್ಯಾಕ್ಟೀರಿಯಗಳಿಗೂ ನಡೆಯುತ್ತದೆ ಎಂದು ಅಮೆರಿಕದ ವೈದ್ಯ ಆಂಥೊನಿ ಗ್ರಿಸ್ಟಿನಾ 1987ರಲ್ಲಿ ವಿವರಿಸಿದರು. ಬ್ಯಾಕ್ಟೀರಿಯ ಗೆದ್ದರೆ ಅವು ಲೋಳೆಯಂತಹ ಪೊರೆಯನ್ನು ಹೊದ್ದು ಕುಳಿತುಕೊಳ್ಳುತ್ತವೆ. ಇದನ್ನೇ ಬಯೋಫಿಲ್ಮ್ ಎನ್ನುತ್ತಾರೆ. ನ್ಯೂಟ್ರೋಫಿಲ್‌ಗಳು ಆ ಪೊರೆಯನ್ನೂ ಅದರಡಿಯ ಲೋಹವನ್ನೂ ನುಂಗಲಾಗದೆ, ತಮ್ಮಲ್ಲಿರುವ ಕಿಣ್ವಗಳನ್ನು ಸುತ್ತ ಚೆಲ್ಲಿ ತಾವೇ ಸೋಲುತ್ತವೆ. ಹೊರವಸ್ತು ಇರುವಲ್ಲಿ ಸೋಂಕು ಹತ್ತಲು ಬೇಕಾಗುವ ಬ್ಯಾಕ್ಟೀರಿಯಗಳ ಸಂಖ್ಯೆ ಸಾವಿರಾರು ಪಟ್ಟು ಕಡಿಮೆ. ಅಲ್ಲಿನ ದೀರ್ಘ ಉರಿಯೂತದ ಸಂಕೇತಗಳು ಎಲುಬು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಕೆರಳಿಸುವುದರಿಂದ ಸ್ಕ್ರೂಗಳ ಹಿಡಿತವೂ ಸಡಿಲಾಗುತ್ತದೆ.

ಆದ್ದರಿಂದ ಕೀವು ಕಂಡ ದಿನ ಔಷಧ ಅಂಗಡಿಗೆ ಹೋಗಿ ಆಂಟಿಬಯೋಟಿಕ್ ತಂದು ನುಂಗುವುದು ಅತ್ಯಂತ ಹಾನಿಕರವಾದ ನಡೆ ಎಂದು ಒತ್ತಿ ಹೇಳುತ್ತೇನೆ. ಪೊರೆಯಡಿಯ ಬ್ಯಾಕ್ಟೀರಿಯ ಅದರಿಂದ ಸಾಯುವುದಿಲ್ಲ. ಆದರೆ ಬ್ಯಾಕ್ಟೀರಿಯವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯಲ್ಲಿ ಅದರ ಗುರುತು ಸಿಗದಂತಾಗುತ್ತದೆ. ಹೊರಗಿನ ಕೀವನ್ನು ಹತ್ತಿಯ ಕಡ್ಡಿಯಿಂದ ಒರಸಿ ಮಾಡಿಸುವ ಕಲ್ಚರ್ ಕೂಡ ಹೆಚ್ಚಾಗಿ ಚರ್ಮದ ಬ್ಯಾಕ್ಟೀರಿಯವನ್ನೇ ತೋರಿಸಿ ದಾರಿ ತಪ್ಪಿಸುತ್ತದೆ. ಗಾಯಕ್ಕೆ ಅರಿಸಿನ, ಸುಣ್ಣ, ಸೊಪ್ಪಿನ ರಸ ಹಚ್ಚದೆ, ಶುದ್ಧ ಒಣ ಬಟ್ಟೆ ಮುಚ್ಚಿಕೊಂಡು, ಆಪರೇಷನ್ ಮಾಡಿದ ವೈದ್ಯರ ಬಳಿಗೇ ಒಂದೆರಡು ದಿನಗಳೊಳಗೆ ಹೋಗಿರಿ. ಚಳಿಜ್ವರವಿದ್ದರೆ, ಮಂಪರು ಬಂದರೆ, ಉಚ್ಚೆ ಕಡಿಮೆಯಾದರೆ ಅದೇ ದಿನ ಹೋಗಬೇಕು. ಆಗ ಜೀವ ಉಳಿಸಲು ಆಂಟಿಬಯೋಟಿಕ್ ಕೂಡಲೇ ಬೇಕಾಗುತ್ತದೆ.

ತಿಂಗಳುಗಳು ಕಳೆದರೂ ಕಾಲೂರಿದರೆ ನೋವು

ಗಾಯ ಒಣಗಿದೆ, ಕೀವಿಲ್ಲ, ಆದರೆ ಮೂರು ನಾಲ್ಕು ತಿಂಗಳಾದರೂ ಮುರಿದ ಜಾಗದಲ್ಲಿಯೇ ನೋವು. ಎಲುಬು ಕೂಡಲು ತಡವಾಗುತ್ತಿರಬಹುದು. ಒಂಬತ್ತು ತಿಂಗಳಾದರೂ ಕೂಡದೆ, ಕೊನೆಯ ಮೂರು ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಯಾವ ಪ್ರಗತಿಯೂ ಇಲ್ಲದಿದ್ದರೆ ಅದನ್ನು ಕೂಡದ ಮುರಿತ ಎಂದು ಪರಿಗಣಿಸುವುದು ರೂಢಿ.

ಮೊದಲು ಸಕ್ಕರೆ ನೋಡಿಸಿರಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಇಲ್ಲಿ ಬರಿಯ ಮುಂಜಾನೆಯ ಸಕ್ಕರೆಗಿಂತ ಹೆಚ್ಚು ಹೇಳುತ್ತದೆ. ಸಕ್ಕರೆ ಹೆಚ್ಚಿದ್ದಾಗ ನ್ಯೂಟ್ರೋಫಿಲ್‌ಗಳ ಬಲ ಕುಗ್ಗುತ್ತದೆ, ಮ್ಯಾಕ್ರೋಫೇಜ್‌ಗಳು ಉರಿಯೂತದ ಸ್ವಭಾವದಲ್ಲಿಯೇ ಉಳಿದುಬಿಡುತ್ತವೆ. ಮೊದಲ ವಾರ ಮುಗಿಯಬೇಕಿದ್ದ ಕೆಲಸ ತಿಂಗಳಾದರೂ ಮುಗಿಯುವುದಿಲ್ಲ.

ಎರಡನೆಯದು ತಂಬಾಕು. ನಿಪ್ಪಾಣಿ ಸೀಮೆಯ ತಂಬಾಕು ನಮ್ಮ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಬೆಳೆ, ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಬೀಡಿಯಾಗಲಿ ಗುಟ್ಕಾ ಆಗಲಿ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ರಕ್ತ ಹೋಗದಲ್ಲಿಗೆ ಕೋಶವೂ ಹೋಗುವುದಿಲ್ಲ. ಎಲುಬು ಕೂಡುವವರೆಗಾದರೂ ಪೂರ್ತಿ ಬಿಡಲೇಬೇಕು. ಸೇದುವುದನ್ನು ಬಿಟ್ಟು ಜಗಿಯುವುದಕ್ಕೆ ಹೊರಳಿದರೆ ನಿಕೋಟಿನ್ ತಪ್ಪಿದಂತಾಗುವುದಿಲ್ಲ.

ಊಟದ ವಿಷಯದಲ್ಲಿ ನಂಜಿನ ಭಯ ದೊಡ್ಡ ಅಡ್ಡಿ. ಕೀವಾಗುತ್ತದೆ ಎಂದು ಬೇಳೆ, ಮೊಸರು, ಮೊಟ್ಟೆ ಎಲ್ಲವನ್ನೂ ಬಿಡಿಸಿ ಗಂಜಿಯ ಮೇಲೆ ಇಡುತ್ತಾರೆ. ರೋಗನಿರೋಧಕ ಕೋಶವೂ ಹೊಸ ಎಲುಬಿನ ಹಂದರವೂ ಪ್ರೋಟೀನಿನಿಂದಲೇ ಆಗುವಂಥವು. ಜೋಳದ ರೊಟ್ಟಿಯ ಜೊತೆ ಮಡಿಕೆಕಾಳು, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇರಲಿ. ರೂಢಿಯಿರುವವರು ಮೊಟ್ಟೆ ತಿನ್ನಲಿ. ಡಿ ಜೀವಸತ್ವದ ಕೊರತೆಯಿದೆಯೇ ಎಂಬುದನ್ನೂ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಇಷ್ಟಾದ ಮೇಲೆ ಎಕ್ಸ್‌ರೇ. ಹೊಸದೊಂದೇ ಸಾಲದು, ಹಳೆಯ ಎಕ್ಸ್‌ರೇಗಳನ್ನೂ ಒಯ್ಯಿರಿ, ಏಕೆಂದರೆ ವೈದ್ಯರು ಹುಡುಕುವುದು ಬದಲಾವಣೆಯನ್ನು. ಮುರಿದ ಎರಡೂ ತುದಿಗಳು ದಪ್ಪಗಾಗಿ ನಡುವೆ ಕಪ್ಪು ಗೆರೆ ಉಳಿದಿದ್ದರೆ, ಕೋಶಗಳು ದುಡಿಯುತ್ತಿವೆ, ರಕ್ತವೂ ಇದೆ, ಆದರೆ ಜಾಗ ಅಲುಗಾಡುತ್ತಿದೆ ಎಂದರ್ಥ. ಗಟ್ಟಿಯಾಗಿ ಹಿಡಿದಿಟ್ಟರೆ ಹೆಚ್ಚಾಗಿ ಕೂಡುತ್ತದೆ. ತುದಿಗಳು ತೆಳ್ಳಗಾಗಿ ಮೊನಚಾಗಿದ್ದರೆ ಅಲ್ಲಿ ಜೀವಕಳೆಯೇ ಕಡಿಮೆ, ಸೊಂಟದ ಎಲುಬಿನಿಂದ ಪುಡಿ ತೆಗೆದು ತುಂಬಬೇಕಾಗಬಹುದು. ಸ್ಕ್ರೂವಿನ ಸುತ್ತ ಕಪ್ಪು ಅಂಚು ಕಂಡರೆ ಅದು ಸಡಿಲಾಗಿದೆ. ಕೂಡದ ಮುರಿತವೆಲ್ಲವೂ ಸೋಂಕಿಲ್ಲವೆಂದು ಸಾಬೀತಾಗುವವರೆಗೆ ಸೋಂಕೇ ಇರಬಹುದು ಎಂದು ಅನುಮಾನಿಸುವ ವೈದ್ಯರ ಪದ್ಧತಿ ಸರಿಯಾದದ್ದು. ಅದಕ್ಕಾಗಿ ಅವರು ಮತ್ತೆ ಸಿಆರ್‌ಪಿ ಬರೆದರೆ ಖರ್ಚೆಂದು ತಪ್ಪಿಸಬೇಡಿರಿ.

ಹಲ್ಲಿನ ಇಂಪ್ಲಾಂಟ್ ಅಲುಗುತ್ತಿದೆ

ಟೈಟಾನಿಯಂ ಎಲುಬಿನೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದು ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಅವರಿಗೆ 1952ರಲ್ಲಿ ಮೊಲದ ಎಲುಬಿನ ಅಧ್ಯಯನದಲ್ಲಿ ಗೋಚರಿಸಿತು. 1965ರಲ್ಲಿ ಅವರು ಮನುಷ್ಯನ ದವಡೆಗೆ ಅದನ್ನು ಮೊದಲು ಅಳವಡಿಸಿದರು. ಹಾಕಿದ ಮೂರು ನಾಲ್ಕನೆಯ ವಾರದಲ್ಲಿ ಹಳೆಯ ಎಲುಬು ಕರಗಿ ಹೊಸದು ಇನ್ನೂ ಕಟ್ಟುತ್ತಿರುವುದರಿಂದ ಹಿಡಿತ ಅತ್ಯಂತ ಕಡಿಮೆಯಿರುತ್ತದೆ. ಆ ಹೊತ್ತಿನಲ್ಲಿ ಆ ಕಡೆಯಿಂದ ಅಡಕೆ, ಕಡಕ್ ರೊಟ್ಟಿ ಕಡಿಯಬಾರದು. ಮೇಲಿನ ಹಲ್ಲಿನ ಟೋಪಿ ಮಾತ್ರ ಅಲುಗುತ್ತಿದ್ದರೆ ಅದು ಒಳಗಿನ ಸಣ್ಣ ಸ್ಕ್ರೂ ಸಡಿಲಾದದ್ದಿರಬಹುದು, ಸುಲಭದ ಕೆಲಸ. ಬುಡವೇ ಅಲುಗಿದರೆ ಬೆಸುಗೆ ಆಗಿಲ್ಲ ಅಥವಾ ಕಳಚಿದೆ. ವರ್ಷಗಳ ನಂತರ ಒಸಡಿನಿಂದ ರಕ್ತ, ಕೀವು ಬಂದರೆ ಬುಡದ ಎಲುಬು ಕರಗುತ್ತಿದೆಯೇ ಎಂದು ಎಕ್ಸ್‌ರೇ ಬೇಕು.

ವರ್ಷಗಳ ಮೇಲೆ ಕುಳಿತಲ್ಲಿಂದ ಏಳುವಾಗ ನೋವು

ಸೊಂಟದ ಕೀಲು ಬದಲಿಸಿ ಹತ್ತು ಹದಿನೈದು ವರ್ಷ ಸುಖವಾಗಿ ನಡೆದವರಿಗೆ ತೊಡೆಸಂದಿನಲ್ಲಿ ಅಥವಾ ತೊಡೆಯಲ್ಲಿ ನೋವು ಶುರುವಾಗುತ್ತದೆ. ಕುಳಿತಲ್ಲಿಂದ ಎದ್ದ ಮೊದಲ ನಾಲ್ಕೈದು ಹೆಜ್ಜೆಗಳಲ್ಲಿ ನೋವು ಹೆಚ್ಚು, ಆಮೇಲೆ ಕಡಿಮೆ. ಇದು ಕೀಲಿನ ಬುಡ ಸಡಿಲಾದ ಗುರುತು. ರಾತ್ರಿ ಮಲಗಿದಾಗಲೂ ನೋವಿದ್ದರೆ ಸೋಂಕಿನ ಅನುಮಾನ ಮೊದಲು ಬರಬೇಕು.

ಇಲ್ಲಿ ದೋಷ ಹುಟ್ಟುವ ಬಗೆಯನ್ನು ಜಗತ್ತು ಕಷ್ಟಪಟ್ಟು ಕಲಿತಿತು. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಮೊದಲು ಸೊಂಟದ ಬಟ್ಟಲನ್ನು ಟೆಫ್ಲಾನ್‌ನಿಂದ ಮಾಡಿ ಹಾಕಿದರು. ಅದು ಕೆಲವೇ ವರ್ಷಗಳಲ್ಲಿ ಸವೆದು, ಪುಡಿಯ ಸುತ್ತ ಉರಿಯೂತದ ಗಂಟುಗಳು ಬೆಳೆದು, ಎಲುಬು ತಿಂದುಹೋಯಿತು. ಅವರು ತಮ್ಮದೇ ತೊಡೆಯೊಳಗೆ ಆ ವಸ್ತುವನ್ನು ಸೇರಿಸಿಕೊಂಡು ಪ್ರತಿಕ್ರಿಯೆಯನ್ನು ಪರೀಕ್ಷಿಸಿದರು. 1962ರಲ್ಲಿ ಹೆಚ್ಚು ಗಟ್ಟಿಯಾದ ಪಾಲಿಥೀನ್‌ಗೆ ಬದಲಾಯಿಸಿದರು. ಇಂದಿನ ಕೃತಕ ಕೀಲುಗಳು ಆ ದಾರಿಯಲ್ಲಿಯೇ ಬಂದವು.

ಪಾಲಿಥೀನ್ ಕೂಡ ಸವೆಯುತ್ತದೆ, ಬಹಳ ನಿಧಾನವಾಗಿ. ಒಂದು ಮೈಕ್ರಾನಿಗಿಂತಲೂ ಸಣ್ಣ ಕಣಗಳನ್ನು ಮ್ಯಾಕ್ರೋಫೇಜ್‌ಗಳು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಅರಗದ ಕಣ ಹೊಟ್ಟೆಯಲ್ಲಿರುವವರೆಗೂ ಅವು ಉರಿಯೂತದ ಸಂಕೇತ ಬಿಡುತ್ತಲೇ ಇರುತ್ತವೆ. ಆ ಸಂಕೇತದಿಂದ ಸುತ್ತಲಿನ ಕೋಶಗಳು ರ‍್ಯಾಂಕ್-ಲಿಗ್ಯಾಂಡ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತವೆ, ಅದು ಎಲುಬು ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳನ್ನು ಹುಟ್ಟುಹಾಕುತ್ತದೆ. ಆಸ್ಟಿಯೋಕ್ಲಾಸ್ಟ್‌ಗಳೂ ಮ್ಯಾಕ್ರೋಫೇಜ್‌ಗಳ ಕುಲದವೇ, ಒಂದೇ ಮೂಲಕೋಶದಿಂದ ಬಂದವು. ಹೀಗೆ ಬ್ಯಾಕ್ಟೀರಿಯ ಒಂದೂ ಇಲ್ಲದೆ, ಜ್ವರ ಕೀವುಗಳಿಲ್ಲದೆ ಎಲುಬು ಟೊಳ್ಳಾಗುತ್ತದೆ. ದೊಡ್ಡ ಭಾಗ ಕರಗುವವರೆಗೆ ನೋವೇ ಬಾರದಿರುವುದು ಇದರ ಅಪಾಯ. ಅದಕ್ಕಾಗಿಯೇ ನೋವಿಲ್ಲದಿದ್ದರೂ ವೈದ್ಯರು ಹೇಳಿದ ಅವಧಿಗೆ ಎಕ್ಸ್‌ರೇ ತೆಗೆಸಲು ಹೋಗಬೇಕು. "ಆರಾಮ ಅದೀನಿ, ಯಾಕ ಹೋಗೂದು" ಎಂದು ಬಿಟ್ಟ ಹಿರಿಯರು ಮನೆಯಂಗಳದಲ್ಲಿ ಸ್ವಲ್ಪ ಎಡವಿದ್ದಕ್ಕೇ ತೊಡೆಯ ಎಲುಬು ಮುರಿದುಕೊಂಡು ಬರುತ್ತಾರೆ. ಆಗ ಮಾಡಬೇಕಾದ ಆಪರೇಷನ್ ಮೊದಲಿನದಕ್ಕಿಂತ ಬಹಳ ದೊಡ್ಡದು.

ಕಾಲು ಒಮ್ಮೆಲೇ ಗಿಡ್ಡವಾದರೆ, ಪಾದ ಹೊರಗೆ ತಿರುಗಿ ಊರಲಾಗದಿದ್ದರೆ ಎಬ್ಬಿಸಿ ನಡೆಸಲು ಯತ್ನಿಸಬೇಡಿರಿ. ಮಲಗಿಸಿಯೇ ಆಸ್ಪತ್ರೆಗೆ ಸಾಗಿಸಿರಿ.

ಲೋಹದ ಅಲರ್ಜಿಯ ಅನುಮಾನ

ಎಲ್ಲರೂ ಮೊದಲು ಹೇಳುವ ಕಾರಣ ಇದು, ಕೊನೆಯಲ್ಲಿ ನೋಡಬೇಕಾದ ಕಾರಣವೂ ಇದೇ. ಸ್ಟೇನ್‌ಲೆಸ್ ಸ್ಟೀಲ್ ಇಂಪ್ಲಾಂಟ್‌ನಲ್ಲಿ ನಿಕ್ಕಲ್ ಶೇ 13ರಿಂದ 15ರಷ್ಟು ಇರುತ್ತದೆ. ಇಲ್ಲಿ ಮುಖ್ಯವಾಗಿ ದುಡಿಯುವವು ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು. ಅಗ್ಗದ ಕಿವಿಯೋಲೆ, ಕೈಗಡಿಯಾರದ ಪಟ್ಟಿಯಿಂದ ತುರಿಕೆ ಬರುವವರು ಆಪರೇಷನ್‌ಗೆ ಮುಂಚೆಯೇ ವೈದ್ಯರಿಗೆ ಹೇಳಿದರೆ ಟೈಟಾನಿಯಂ ಆಯ್ದುಕೊಳ್ಳಬಹುದು. ಹಾಕಿದ ಮೇಲೆ ಚರ್ಮದ ಮೇಲಿನ ಪ್ಯಾಚ್ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಒಳಗಿನ ನೋವಿಗೆ ಅದೇ ಕಾರಣ ಎನ್ನಲಾಗದು. ಸೋಂಕು, ಸಡಿಲಿಕೆ ಎರಡೂ ಇಲ್ಲವೆಂದು ಖಚಿತವಾದ ಮೇಲೆ ಮಾತ್ರ ಈ ದಾರಿ ಹಿಡಿಯಬೇಕು.

ಮನೆಯ ಪರೀಕ್ಷೆ ಮುಗಿದ ಮೇಲೆ: ಆಸ್ಪತ್ರೆಯ ಕಷ್ಟದ ಹೆಜ್ಜೆಗಳು

ಕೀಲಿನಲ್ಲಿ ಸೋಂಕಿನ ಅನುಮಾನವಿದ್ದರೆ ಸೂಜಿಯಿಂದ ಕೀಲಿನ ನೀರು ತೆಗೆದು ಬಿಳಿ ಕಣಗಳನ್ನು ಎಣಿಸುತ್ತಾರೆ. ಹಳೆಯ ಕೀಲಿನಲ್ಲಿ ಒಂದು ಮೈಕ್ರೋಲೀಟರಿಗೆ 3000ಕ್ಕಿಂತ ಹೆಚ್ಚಿದ್ದು, ಅವುಗಳಲ್ಲಿ ನ್ಯೂಟ್ರೋಫಿಲ್‌ಗಳದೇ ದೊಡ್ಡ ಪಾಲಾಗಿದ್ದರೆ ಸೋಂಕಿನತ್ತ ವಾಲುತ್ತಾರೆ. ಆಪರೇಷನ್ ಆಗಿ ಆರು ವಾರದೊಳಗಿದ್ದರೆ ಅದೇ ಗಡಿ 10,000ದ ಹತ್ತಿರ. ಇಲ್ಲಿಯೂ ಅಂಕಿಗೆ ಅರ್ಥ ಕೊಡುವುದು ತಾರೀಖು. ಮುರಿತದಲ್ಲಾದರೆ ಬೆಸುಗೆ ಎಷ್ಟಾಗಿದೆ ಎಂದು ಸಿಟಿ ಸ್ಕ್ಯಾನ್‌ನಲ್ಲಿ ನೋಡಿ, ಆಪರೇಷನ್ ಕೋಣೆಯಲ್ಲಿ ಲೋಹದ ಪಕ್ಕದಿಂದಲೇ ಐದಾರು ತುಣುಕು ಮಾಂಸ ತೆಗೆದು ಕಲ್ಚರ್‌ಗೆ ಕಳುಹಿಸುತ್ತಾರೆ. ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಕ್ಕಾಗಿ ಹದಿನಾಲ್ಕು ದಿನ ಕಾಯುವುದೂ ಉಂಟು. ವರದಿ ತಡವಾಯಿತೆಂದು ಲ್ಯಾಬನ್ನು ದೂರಬೇಡಿರಿ. ಈ ಪರೀಕ್ಷೆಗಳಿಗೆ ಮೂರೂ ಜಿಲ್ಲಾ ಕೇಂದ್ರಗಳಲ್ಲಿರುವ ವೈದ್ಯಕೀಯ ಕಾಲೇಜುಗಳ ಎಲುಬು-ಕೀಲು ವಿಭಾಗಕ್ಕೆ ಹೋಗಬಹುದು. ಡಿಸ್ಚಾರ್ಜ್ ಕಾರ್ಡು, ಎಲ್ಲ ಎಕ್ಸ್‌ರೇ, ಇಂಪ್ಲಾಂಟ್‌ನ ಸ್ಟಿಕ್ಕರ್ ಅಂಟಿಸಿದ ಹಾಳೆ, ನುಂಗಿದ ಗುಳಿಗೆಗಳ ಖಾಲಿ ಪಟ್ಟಿಗಳು ಜೊತೆಗಿರಲಿ.

ಸೋಂಕು ಮೊದಲ ಕೆಲವು ವಾರಗಳಲ್ಲಿ ಗೊತ್ತಾದರೆ, ಬಯೋಫಿಲ್ಮ್ ಇನ್ನೂ ಎಳೆಯದಾಗಿರುವುದರಿಂದ, ಲೋಹವನ್ನು ಉಳಿಸಿ ಸುತ್ತಲ ಕೊಳೆತ ಭಾಗ ತೆಗೆದು ತೊಳೆಯುವ ಅವಕಾಶವಿರುತ್ತದೆ. ತಡವಾದಷ್ಟೂ ಲೋಹ ತೆಗೆಯುವುದೇ ದಾರಿಯಾಗುತ್ತದೆ. ಆದರೂ ಸೋಂಕಿದೆ ಎಂದು ತಿಳಿದ ಕೂಡಲೇ "ಪ್ಲೇಟು ತೆಗೆದುಬಿಡ್ರಿ" ಎಂದು ಮನೆಯವರು ಹಟ ಹಿಡಿಯಬಾರದು. ಮುರಿತ ಇನ್ನೂ ಕೂಡಿಲ್ಲದೆ ಪ್ಲೇಟು ಬಿಗಿಯಾಗಿ ಹಿಡಿದಿದ್ದರೆ, ಔಷಧದಿಂದ ಸೋಂಕನ್ನು ಹತೋಟಿಯಲ್ಲಿಟ್ಟು, ಎಲುಬು ಕೂಡಿದ ಮೇಲೆಯೇ ಅದನ್ನು ತೆಗೆಯುವುದು ಹಲವು ಸಲ ಸರಿಯಾದ ನಿರ್ಧಾರ. ಅಲುಗಾಡುವ ಎಲುಬಿನಲ್ಲಿ ಸೋಂಕು ಇನ್ನಷ್ಟು ಬೇರೂರುತ್ತದೆ.